ಕೀನ್ಯಾದಲ್ಲಿ ಪಕ್ಷ ಅಂದರೆ ಬುಡಕಟ್ಟು ಅಂತ ಯಾಕಾಯಿತು?

2025ರ ಅಕ್ಟೋಬರ್ 15ರ ಬೆಳಗ್ಗೆ ಕೇರಳದ ಕೂತಾಟ್ಟುಕುಳಂ ಎಂಬ ಊರಿನಲ್ಲಿ ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ಕುಸಿದು ಬಿದ್ದು ತೀರಿಕೊಂಡರು. ಆಯುರ್ವೇದ ಚಿಕಿತ್ಸೆಗೆ ಅಂತ ಬಂದಿದ್ದವರು. ಹೆಸರು ರೈಲಾ ಒಡಿಂಗಾ, ವಯಸ್ಸು 80, ಕೀನ್ಯಾದ ಮಾಜಿ ಪ್ರಧಾನಿ. ಐದು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಐದು ಸಲವೂ ಗೆಲ್ಲಲಾಗದ ಮನುಷ್ಯ. ಆದರೂ ಅವರ ಹೆಸರು ಬಿಟ್ಟು ಆ ದೇಶದ ರಾಜಕೀಯ ಹೇಳುವುದಕ್ಕೇ ಆಗುವುದಿಲ್ಲ.

ಆ ಸುದ್ದಿಯನ್ನು ಹಿಂಬಾಲಿಸಿಕೊಂಡು ಹೋದವರಿಗೆ ಒಂದು ವಿಷಯ ಕಣ್ಣಿಗೆ ಬಿದ್ದಿರಬೇಕು. ಒಡಿಂಗಾ ಲುವೊ ಸಮುದಾಯದವರು, ಎದುರಾಳಿ ಕಿಕುಯು, ಇನ್ನೊಬ್ಬರು ಕಲೆಂಜಿನ್, ಹೀಗೇ ಲೆಕ್ಕ. ಪಕ್ಷದ ಹೆಸರು ವರ್ಷ ವರ್ಷ ಬದಲಾಗುತ್ತದೆ, ಸಮುದಾಯದ ಲೆಕ್ಕ ಬದಲಾಗುವುದಿಲ್ಲ. 'ಆಫ್ರಿಕಾ ಅಂದರೆ ಹಾಗೇ ಬಿಡಿ' ಅಂದುಬಿಡುವುದು ಸುಲಭ. ಆದರೆ ಅಲ್ಲಿನ ಮೊದಮೊದಲ ಪಕ್ಷಗಳು ಹುಟ್ಟಿದ ಕಥೆ ನೋಡಿದರೆ ಬೇರೆಯೇ ವಿಷಯ ಕಾಣುತ್ತದೆ. ಯಾರು ಯಾರ ಜೊತೆ ಸೇರಿ ಸಭೆ ಮಾಡಬಹುದು ಎಂಬುದನ್ನು ಅಲ್ಲಿ 40 ವರ್ಷ ಸರ್ಕಾರವೇ ತೀರ್ಮಾನಿಸುತ್ತಿತ್ತು.

ಮೊದಲು ಕೆಲವು ಪದ ಬಿಡಿಸಿಕೊಳ್ಳೋಣ

ಕೀನ್ಯಾ ಎಂಬ ದೇಶ ಬ್ರಿಟಿಷರು ನಕ್ಷೆಯ ಮೇಲೆ ಗೆರೆ ಎಳೆಯುವ ಮುಂಚೆ ಇರಲಿಲ್ಲ. 40ಕ್ಕೂ ಹೆಚ್ಚು ಸಮುದಾಯಗಳಿದ್ದವು, ಬೇರೆ ಬೇರೆ ಭಾಷೆ, ಬೇರೆ ಬೇರೆ ಬದುಕು. ಕೆಲವರು ಬೆಟ್ಟದ ಇಳಿಜಾರಿನಲ್ಲಿ ಬೇಸಾಯ ಮಾಡುವವರು, ಕೆಲವರು ದನ ಕಾಯುವವರು, ಕೆಲವರು ಸರೋವರದ ದಡದವರು. ಬ್ರಿಟನ್ 1895ರಲ್ಲಿ ಈ ಪ್ರದೇಶವನ್ನು ತನ್ನ ರಕ್ಷಣೆಗೆ ಒಳಪಟ್ಟಿದ್ದು ಎಂದು ಘೋಷಿಸಿತು. 1920ರಲ್ಲಿ ಅದು ಪೂರಾ ವಸಾಹತು ಆಯಿತು.

ಈ ನಡುವೆ ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಿದರು. 1896ರಲ್ಲಿ ಶುರುವಾಗಿ 1901ಕ್ಕೆ ಮುಗಿದ ಈ ಹಳಿಗೆ ಮಣ್ಣು ಹೊತ್ತವರು ನಮ್ಮ ದೇಶದಿಂದ ಕರಾರಿನ ಮೇಲೆ ಹೋದ 30 ಸಾವಿರಕ್ಕೂ ಹೆಚ್ಚು ಕೂಲಿಗಳು. ರೈಲೇನೋ ಆಯಿತು, ಅದರ ಖರ್ಚು ಹುಟ್ಟಬೇಕಲ್ಲ? ಅದಕ್ಕೆ ಬಿಳಿಯರನ್ನು ಕರೆದು ಎತ್ತರದ ತಂಪು ಜಾಗದ ಫಲವತ್ತಾದ ಜಮೀನು ಕೊಟ್ಟರು. ಹೀಗೆ ಬಂದು ನೆಲೆಸಿದ ಬಿಳಿ ಜಮೀನ್ದಾರರನ್ನು ಸೆಟ್ಲರ್‌ಗಳು ಎನ್ನುತ್ತಾರೆ. ಅಲ್ಲಿದ್ದ ಆಫ್ರಿಕನ್ನರಿಗೆ ಸಮುದಾಯಕ್ಕೊಂದು ಅಂತ ಜಾಗ ಗುರುತಿಸಿ 'ರಿಸರ್ವ್' ಎಂದು ಹೆಸರಿಟ್ಟರು. ಕಿಕುಯುಗಳಿಗೆ ಒಂದು, ಕಂಬಾಗಳಿಗೆ ಒಂದು, ಮಸಾಯಿಗಳಿಗೆ ಒಂದು. ಈ ಗೆರೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಶಾಸನ ಸಭೆ. 1907ರಲ್ಲೇ ಒಂದು ಆಗಿತ್ತು. 1920ರಿಂದ ಬಿಳಿಯರು ಅದಕ್ಕೆ ಮತ ಹಾಕಿ ತಮ್ಮವರನ್ನು ಕಳಿಸತೊಡಗಿದರು. ಆಮೇಲೆ ಭಾರತೀಯರಿಗೂ ಒಂದಿಷ್ಟು ಸೀಟು ಸಿಕ್ಕಿತು. ದೇಶದ ತುಂಬ ಇದ್ದ ಆಫ್ರಿಕನ್ನರ ಪರವಾಗಿ ಮಾತಾಡಲು ಒಬ್ಬ ಬಿಳಿ ಮಿಷನರಿಯನ್ನು ನೇಮಿಸಿದ್ದರು. ಅಷ್ಟೇ. ಮೊದಲ ಆಫ್ರಿಕನ್ ಸದಸ್ಯ ಎಲಿಯುಡ್ ಮಾಥು ಒಳಗೆ ಕಾಲಿಟ್ಟಿದ್ದು 1944ರಲ್ಲಿ, ಅದೂ ನೇಮಕದ ಮೇಲೆ.

ಪಕ್ಷ ಅಂದರೆ ಏನು? ಚುನಾವಣೆಗೆ ನಿಂತು, ಗೆದ್ದು, ಅಧಿಕಾರ ಹಿಡಿಯಲು ಕಟ್ಟಿಕೊಂಡ ಗುಂಪು. ಆದರೆ ನಿಲ್ಲಲು ಸೀಟೇ ಇಲ್ಲ ಅಂದಾಗ? ಆಗ ಉಳಿಯುವುದು ಅರ್ಜಿ ಬರೆಯುವುದು, ಸಭೆ ಸೇರುವುದು, ಗಲಾಟೆ ಮಾಡುವುದು. ಅದಕ್ಕೇ ಕೀನ್ಯಾದ ಮೊದಲ ಪಕ್ಷಗಳ ಹೆಸರಿನಲ್ಲಿ 'ಪಕ್ಷ' ಎಂಬ ಪದವೇ ಇಲ್ಲ. ಎಲ್ಲವೂ ಅಸೋಸಿಯೇಷನ್‌ಗಳು, ಸಂಘಗಳು.

ಕೊರಳಲ್ಲಿ ನೇತಾಡುವ ಡಬ್ಬಿ

ಜನ ಯಾಕೆ ಸಂಘ ಕಟ್ಟಿದರು ಎಂಬುದಕ್ಕೆ ಒಂದು ಪುಟ್ಟ ವಸ್ತು ಸಾಕು. ಅದರ ಹೆಸರು ಕಿಪಾಂಡೆ. 16 ವರ್ಷ ದಾಟಿದ ಪ್ರತಿ ಆಫ್ರಿಕನ್ ಗಂಡಸಿನ ಹತ್ತಿರ ಇರಲೇಬೇಕಾದ ಕಾಗದ. ಕಾನೂನು 1915ರದ್ದು, ಮೊದಲ ಮಹಾಯುದ್ಧ ಮುಗಿದ ಮೇಲೆ ಜೋರಾಗಿ ಜಾರಿಗೆ ಬಂತು. ಕಾಗದದಲ್ಲಿ ಹೆಸರು, ಬುಡಕಟ್ಟು, ಬೆರಳಚ್ಚು, ಯಾವ ಧಣಿ ಹತ್ತಿರ ಕೆಲಸ, ಸಂಬಳ ಎಷ್ಟು, ಯಾವತ್ತು ಸೇರಿದ, ಯಾವತ್ತು ಬಿಟ್ಟ, ಎಲ್ಲವೂ ಇರುತ್ತಿತ್ತು. ಅದನ್ನು ಮಡಚಿ ಸಣ್ಣ ಲೋಹದ ಡಬ್ಬಿಯಲ್ಲಿಟ್ಟು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು.

ಇದರ ಚಾಲಾಕಿತನ ಇರುವುದು ಕೊನೆಯ ಕಲಮಿನಲ್ಲಿ. ಕೆಲಸ ಬಿಡುವಾಗ ಧಣಿ ಸಹಿ ಹಾಕಬೇಕು. ಹಾಕದಿದ್ದರೆ ಬೇರೆ ಯಾರೂ ಕೆಲಸ ಕೊಡುವಂತಿಲ್ಲ. ಅಂದರೆ ಬೈದರೂ ಹೊಡೆದರೂ ಅಲ್ಲೇ ಇರಬೇಕು, ಓಡಿಹೋದರೆ ಹಿಡಿಯಲು ಬೆರಳಚ್ಚು ಇದೆ. ದನದ ಕೊರಳಿಗೆ ಗಂಟೆ ಕಟ್ಟಿದ ಹಾಗೆ ಎಂದು ಜನ ಸಿಟ್ಟಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ಮೇಲೆ ಗುಡಿಸಲು ತೆರಿಗೆ. ಗುಡಿಸಲಿಗೆ ಇಷ್ಟು ಅಂತ, ನಗದಿನಲ್ಲೇ ಕಟ್ಟಬೇಕು. ಜೋಳ ಕೊಡುತ್ತೇನೆ, ಮೇಕೆ ಕೊಡುತ್ತೇನೆ ಅಂದರೆ ನಡೆಯುವುದಿಲ್ಲ. ನಗದು ಬೇಕೆಂದರೆ ಸೆಟ್ಲರ್ ತೋಟಕ್ಕೆ ಕೂಲಿಗೆ ಹೋಗಬೇಕು. 1921ರಲ್ಲಿ ಬೆಲೆ ಕುಸಿದಾಗ ಸೆಟ್ಲರ್‌ಗಳು ಆ ಕೂಲಿಯಲ್ಲೂ ಮೂರನೇ ಒಂದು ಭಾಗ ಕಡಿಮೆ ಮಾಡಲು ಹೊರಟರು.

ಟೆಲಿಫೋನ್ ಆಪರೇಟರ್ ಮತ್ತು ಒಂದು ಮಧ್ಯಾಹ್ನ

ನೈರೋಬಿಯ ಖಜಾನೆ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಹ್ಯಾರಿ ತುಕು ಎಂಬ ಯುವಕ 1921ರ ಜೂನ್‌ನಲ್ಲಿ ಯಂಗ್ ಕಿಕುಯು ಅಸೋಸಿಯೇಷನ್ ಎಂಬ ಸಂಘ ಕಟ್ಟಿದ. ಆಗಲೇ ಕಿಕುಯು ಮುಖ್ಯಸ್ಥರ ಸಂಘ ಒಂದಿತ್ತು, ಆದರೆ ಮುಖ್ಯಸ್ಥರು ಸರ್ಕಾರದಿಂದ ನೇಮಕವಾದವರು. ಅವರು ಎಷ್ಟು ಜೋರಾಗಿ ಮಾತಾಡಿಯಾರು, ಅಲ್ವಾ?

ಕೆಲವೇ ವಾರಗಳಲ್ಲಿ ತುಕು ಸಂಘದ ಹೆಸರು ಬದಲಿಸಿದ. ಈಗ ಅದು ಈಸ್ಟ್ ಆಫ್ರಿಕನ್ ಅಸೋಸಿಯೇಷನ್. ಹೆಸರಿನಿಂದ ಕಿಕುಯು ಹೋಯಿತು, ಇಡೀ ಪೂರ್ವ ಆಫ್ರಿಕಾ ಬಂತು. ಇದು ಸುಮ್ನೆ ಮಾಡಿದ್ದಲ್ಲ. ನೈರೋಬಿ ಎಲ್ಲ ಕಡೆಯವರು ಬಂದು ಸೇರಿದ ಊರು. ಅಲ್ಲಿ ಕಂಬಾ, ಲುವೊ, ಉಗಾಂಡದಿಂದ ಬಂದವರು, ಎಲ್ಲರ ಕೊರಳಲ್ಲೂ ಅದೇ ಡಬ್ಬಿ. ಕಷ್ಟ ಒಂದೇ ಆದಮೇಲೆ ಸಂಘವೂ ಒಂದೇ ಇರಲಿ ಎಂಬ ಲೆಕ್ಕ. ಕಥೆಯ ಆರಂಭದಲ್ಲೇ ಬುಡಕಟ್ಟು ದಾಟಿದ ಸಂಘ ಇತ್ತು ಎಂಬುದನ್ನು ಗಮನಿಸಿ.

1922ರ ಮಾರ್ಚ್ 14ರಂದು ತುಕುವನ್ನು ಬಂಧಿಸಿದರು. 16ನೇ ತಾರೀಕು ಸಾವಿರಾರು ಜನ ಪೊಲೀಸ್ ಲೈನಿನ ಮುಂದೆ ಸೇರಿದ್ದರು. ಮುಖಂಡರ ತಂಡವೊಂದು ಅಧಿಕಾರಿಗಳನ್ನು ಕಂಡು ಬಂದು, ಎಲ್ಲರೂ ಮನೆಗೆ ಹೋಗಿ ಎಂದಿತು. ಗಂಡಸರು ಎದ್ದು ಹೊರಡತೊಡಗಿದರು. ಆಗ ಮೇರಿ ಮುಥೋನಿ ನ್ಯಾಂಜಿರು ಎಂಬ ಹೆಂಗಸು ಮುಂದೆ ಬಂದು, ನನ್ನ ಬಟ್ಟೆ ನೀವು ತೊಟ್ಟುಕೊಳ್ಳಿ, ನಿಮ್ಮ ಪ್ಯಾಂಟು ನನಗೆ ಕೊಡಿ ಎಂದು ಕೂಗಿ, ಉಟ್ಟ ಬಟ್ಟೆ ಎತ್ತಿ ತೋರಿಸಿದಳು. ಕಿಕುಯುಗಳಲ್ಲಿ ಇದಕ್ಕಿಂತ ದೊಡ್ಡ ಅವಮಾನ, ಇದಕ್ಕಿಂತ ದೊಡ್ಡ ಶಾಪ ಇಲ್ಲ. ಹೊರಟಿದ್ದ ಜನ ತಿರುಗಿ ಬಂದರು, ಬಾಗಿಲ ಕಡೆ ನುಗ್ಗಿದರು. ಪೊಲೀಸರು ಗುಂಡು ಹಾರಿಸಿದರು. ಎದುರಿನ ಹೋಟೆಲ್ ಜಗಲಿಯಲ್ಲಿ ಕೂತಿದ್ದ ಬಿಳಿಯರೂ ಹಾರಿಸಿದರು ಎಂದು ಕಂಡವರು ಹೇಳಿದ್ದಾರೆ. ಸರ್ಕಾರದ ಲೆಕ್ಕದಲ್ಲೇ ಸತ್ತವರು 21, ಜನರ ಲೆಕ್ಕದಲ್ಲಿ ಇನ್ನೂ ಜಾಸ್ತಿ. ಮೊದಲು ಬಿದ್ದವರಲ್ಲಿ ನ್ಯಾಂಜಿರು ಇದ್ದಳು. ತುಕುವನ್ನು ವಿಚಾರಣೆಯಿಲ್ಲದೆ ಕಿಸ್ಮಾಯುಗೆ ಗಡಿಪಾರು ಮಾಡಿದರು. ಸಂಘ ಮುಗಿಯಿತು.

ಸರ್ಕಾರ ಕಲಿತದ್ದೇನು?

ದೊಡ್ಡ ಸಂಘ ಅಪಾಯ, ಚಿಕ್ಕ ಚಿಕ್ಕದಾದರೆ ಪರವಾಗಿಲ್ಲ.

ಒಂದು ಅಪಾರ್ಟ್‌ಮೆಂಟ್ ಕಟ್ಟಡ ನೆನೆಸಿಕೊಳ್ಳಿ. ನೀರು ಬರುತ್ತಿಲ್ಲ, ಎಲ್ಲ ಮಹಡಿಗೂ ಅದೇ ತೊಂದರೆ. ಮಾಲೀಕ ಹೇಳುತ್ತಾನೆ: ಮಹಡಿಗೊಂದು ಸಂಘ ಮಾಡಿಕೊಳ್ಳಿ, ನನ್ನ ಅಡ್ಡಿಯಿಲ್ಲ, ಇಡೀ ಕಟ್ಟಡದ ಸಂಘ ಮಾತ್ರ ಬೇಡ. ಹತ್ತು ವರ್ಷ ಹೀಗೇ ನಡೆದರೆ ಮೂರನೇ ಮಹಡಿಯವರು ಎರಡನೇ ಮಹಡಿಯವರನ್ನೇ ನೀರು ಕದಿಯುವವರು ಅಂತ ನೋಡತೊಡಗುತ್ತಾರೆ. ನಲ್ಲಿಯ ತಿರುಗಣಿ ಮಾಲೀಕನ ಕೈಯಲ್ಲೇ ಇರುತ್ತದೆ.

1920ರ ದಶಕದಿಂದ ಕೀನ್ಯಾದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಜಿಲ್ಲೆಗೊಂದರಂತೆ ಸ್ಥಳೀಯ ಆಫ್ರಿಕನ್ ಮಂಡಳಿಗಳನ್ನು ಮಾಡಿ, ಏನಿದ್ದರೂ ಅಲ್ಲೇ ಹೇಳಿ ಎಂದರು. ಜಿಲ್ಲೆಯ ಗಡಿಗಳೋ, ಆಗಲೇ ಹೇಳಿದ ಸಮುದಾಯದ ಗೆರೆಗಳು.

ಪಶ್ಚಿಮದ ಲುವೊ ನಾಡಿನಲ್ಲಿ 1921ರ ಕೊನೆಯಲ್ಲಿ ಯಂಗ್ ಕವಿರೊಂಡೊ ಅಸೋಸಿಯೇಷನ್ ಎದ್ದಿತ್ತು. ಜನ ಅದನ್ನು ಕರೆದದ್ದು 'ಪಿನಿ ಒವಾಚೊ' ಎಂದು. ನಾಡೇ ಮಾತಾಡಿದೆ ಎಂದು ಅದರ ಅರ್ಥ. ಎಂಥ ಹೆಸರು! ಎರಡು ವರ್ಷದೊಳಗೆ ಓವೆನ್ ಎಂಬ ಪಾದ್ರಿ ಅದರ ಚುಕ್ಕಾಣಿ ಹಿಡಿದು, ತೆರಿಗೆದಾರರ ಕ್ಷೇಮಾಭಿವೃದ್ಧಿ ಸಂಘವನ್ನಾಗಿ ಮಾಡಿದ. ನಾಡೇ ಮಾತಾಡಿದ್ದ ಸಂಘ ಪಾಯಿಖಾನೆ ಕಟ್ಟಿ, ಇಲಿ ಕೊಲ್ಲಿ, ಗಿಡ ನೆಡಿ ಎಂದು ಹೇಳುವ ಸಂಘವಾಯಿತು. ಓವೆನ್ ಕೆಟ್ಟವನೇನಲ್ಲ, ಆಫ್ರಿಕನ್ನರ ಪರವಾಗಿ ಸರ್ಕಾರದ ಜೊತೆ ಜಗಳಾಡಿದವನೇ. ಆದರೆ ಕೆಲಸ ಆದದ್ದು ಹೀಗೆ.

ಕಿಕುಯು ನಾಡಿನಲ್ಲಿ ತುಕುವಿನ ಜಾಗಕ್ಕೆ 1924ರಲ್ಲಿ ಕಿಕುಯು ಸೆಂಟ್ರಲ್ ಅಸೋಸಿಯೇಷನ್ ಬಂತು. ಹೆಸರಿನಲ್ಲಿ ಮತ್ತೆ ಕಿಕುಯು ಬಂದದ್ದನ್ನು ನೋಡಿ. ನೈರೋಬಿ ಪುರಸಭೆಯ ನೀರಿನ ವಿಭಾಗದಲ್ಲಿ ಕೆಲಸಕ್ಕಿದ್ದ ಜಾನ್‌ಸ್ಟನ್ ಕೆನ್ಯಾಟ್ಟಾ 1928ರಲ್ಲಿ ಇದರ ಪ್ರಧಾನ ಕಾರ್ಯದರ್ಶಿ ಆದರು. ಮುಂದೆ ಜೋಮೊ ಕೆನ್ಯಾಟ್ಟಾ ಎಂಬ ಹೆಸರಿನಲ್ಲಿ ದೇಶದ ಮೊದಲ ಅಧ್ಯಕ್ಷರಾದವರು ಇವರೇ. 'ಮುಇಗ್ವಿಥಾನಿಯಾ' ಎಂಬ ಕಿಕುಯು ಭಾಷೆಯ ಪತ್ರಿಕೆ ನಡೆಸಿದರು. ಹೊಂದಾಣಿಕೆ ಮಾಡಿಸುವವನು ಎಂದು ಅದರ ಅರ್ಥ. 1929ರಲ್ಲಿ ಜನರಿಂದ ಹಣ ಕೂಡಿಸಿ ಅವರನ್ನು ಲಂಡನ್ನಿಗೆ ಕಳಿಸಿದರು, ಜಮೀನಿನ ಅಹವಾಲು ಹೇಳಿಕೊಂಡು ಬಾ ಎಂದು. ಒಮ್ಮೆ ವಾಪಸ್ ಬಂದು 1931ರಲ್ಲಿ ಮತ್ತೆ ಹೋದವರು ಊರಿಗೆ ಮರಳಿದ್ದು 1946ರಲ್ಲಿ.

ಕಂಬಾ ಜನರ ಕಥೆ ಇನ್ನೂ ಖಾರ. 1938ರಲ್ಲಿ ಸರ್ಕಾರ, ನಿಮ್ಮ ದನ ಜಾಸ್ತಿಯಾಗಿ ನೆಲ ಸವೆಯುತ್ತಿದೆ ಎಂದು ಹೇಳಿ ದನಗಳನ್ನು ಬಲವಂತವಾಗಿ ಹಿಡಿದು ಮಾರಲು ಶುರುಮಾಡಿತು. ಕಂಬಾಗಳಿಗೆ ದನ ಅಂದರೆ ಬ್ಯಾಂಕು, ವಧುದಕ್ಷಿಣೆ, ಮರ್ಯಾದೆ ಎಲ್ಲ. ಮುಯಿಂಡಿ ಎಂಬಿಂಗು ಎಂಬ ಮುಂದಾಳು, ಉಕಾಂಬಾ ಮೆಂಬರ್ಸ್ ಅಸೋಸಿಯೇಷನ್ ಎಂಬ ಸಂಘ. ಗಂಡಸರು, ಹೆಂಗಸರು, ಮಕ್ಕಳು ನೈರೋಬಿಗೆ ನಡೆದೇ ಹೋಗಿ, ಗವರ್ನರ್ ಬಂದು ಮಾತಾಡುವ ತನಕ ಏಳುವುದಿಲ್ಲ ಎಂದು ವಾರಗಟ್ಟಲೆ ಬಯಲಿನಲ್ಲಿ ಠಿಕಾಣಿ ಹೂಡಿದರು. ಎಂಬಿಂಗುವನ್ನು ಲಾಮು ದ್ವೀಪಕ್ಕೆ ಗಡಿಪಾರು ಮಾಡಿದರು. ಬಲವಂತದ ಮಾರಾಟವನ್ನೂ ಕೈಬಿಟ್ಟರು. ಗೆದ್ದರಾ ಸೋತರಾ ಎಂದು ಹೇಳುವುದು ಕಷ್ಟ. ಎರಡನೇ ಮಹಾಯುದ್ಧ ಬಂದಾಗ 1940ರಲ್ಲಿ ಕಿಕುಯು, ಕಂಬಾ ಮತ್ತು ತೈತಾ ಬೆಟ್ಟದವರ ಸಂಘಗಳನ್ನು ಒಟ್ಟಿಗೇ ನಿಷೇಧಿಸಿದರು.

ಭಾರತೀಯರು ಮತ್ತು ಧಾರವಾಡದ ಒಂದು ಎಳೆ

ರೈಲಿನ ಕಾಲದಿಂದ ಅಲ್ಲಿದ್ದ ಭಾರತೀಯರು 1914ರಲ್ಲೇ ತಮ್ಮದೊಂದು ಕಾಂಗ್ರೆಸ್ ಕಟ್ಟಿಕೊಂಡಿದ್ದರು. ಅವರ ಬೇಡಿಕೆ ಬಿಳಿಯರಿಗೆ ಸಮನಾದ ಮತ, ಎತ್ತರದ ಜಮೀನಿನಲ್ಲಿ ಪಾಲು. ಆಫ್ರಿಕನ್ನರ ಹೋರಾಟ ಬೇರೆ, ಇವರದು ಬೇರೆ, ಆದರೂ ಅಲ್ಲಲ್ಲಿ ಕೈ ಸೇರಿದ್ದುಂಟು. ತುಕುವಿನ ಕರಪತ್ರಗಳಿಗೆ ನೆರವಾದದ್ದು ಎಂ.ಎ. ದೇಸಾಯಿ ಎಂಬ ಪತ್ರಕರ್ತ. ಕಾರ್ಮಿಕ ಸಂಘ ಕಟ್ಟಿದ ಮಖನ್ ಸಿಂಗ್ 1950ರಲ್ಲಿ ಪೂರ್ವ ಆಫ್ರಿಕಾಕ್ಕೆ ಸ್ವಾತಂತ್ರ್ಯ ಬೇಕು ಎಂದು ಬಹಿರಂಗ ಸಭೆಯಲ್ಲಿ ಕೇಳಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿ ಕಳೆದರು.

ಇನ್ನೊಬ್ಬರು ಪಿಯೊ ಗಾಮಾ ಪಿಂಟೊ. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದವರು. ಓದಲೆಂದು ಭಾರತಕ್ಕೆ ಬಂದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲೂ ಇದ್ದರು. 1949ರಲ್ಲಿ ಕೀನ್ಯಾಕ್ಕೆ ಮರಳಿ ಆಫ್ರಿಕನ್ನರ ಪಕ್ಷಕ್ಕಾಗಿ ದುಡಿದು, 1954ರಿಂದ 1959ರವರೆಗೆ ಬಂಧನದಲ್ಲಿದ್ದರು. ಸ್ವಾತಂತ್ರ್ಯ ಬಂದ ಮೇಲೆ, 1965ರ ಫೆಬ್ರವರಿಯಲ್ಲಿ, ನೈರೋಬಿಯ ತಮ್ಮ ಮನೆ ಮುಂದೆಯೇ ಗುಂಡಿಗೆ ಬಲಿಯಾದರು.

ಇಡೀ ದೇಶದ ಮೊದಲ ಪಕ್ಷ

1944ರಲ್ಲಿ ಎಲಿಯುಡ್ ಮಾಥು ಶಾಸನ ಸಭೆಗೆ ಹೋದಾಗ ಅವರ ಬೆನ್ನಿಗೆ ಒಂದು ಸಂಘಟನೆ ಬೇಕಾಯಿತು. ಕೀನ್ಯಾ ಆಫ್ರಿಕನ್ ಯೂನಿಯನ್ ಹುಟ್ಟಿತು. ಹೆಸರು ಕೇಳಿ ಸರ್ಕಾರಕ್ಕೆ ಕಸಿವಿಸಿ. ನಡುವೆ 'ಸ್ಟಡಿ' ಎಂಬ ಪದ ಸೇರಿಸಿ, ಅಧ್ಯಯನ ಸಂಘ ಎಂದಿರಲಿ ಎಂದರು. ಸುಮಾರು ಒಂದು ವರ್ಷ ಅಧ್ಯಯನ ನಡೆಯಿತು, 1946ರಲ್ಲಿ ಆ ಪದ ಕಿತ್ತು ಹಾಕಿದರು. ಮೊದಲ ಅಧ್ಯಕ್ಷ ಯಾರು ಗೊತ್ತಾ? ಗಡಿಪಾರಿನಿಂದ ಮರಳಿ ಸಾಕಷ್ಟು ಮೆತ್ತಗಾಗಿದ್ದ ಹ್ಯಾರಿ ತುಕು. 1947ರ ಜೂನ್‌ನಲ್ಲಿ ಆ ಕುರ್ಚಿಗೆ ಕೆನ್ಯಾಟ್ಟಾ ಬಂದರು.

ಬರ್ಮಾದವರೆಗೆ ಹೋಗಿ ಯುದ್ಧ ಮಾಡಿ ಬಂದ ಸೈನಿಕರು, ನೈರೋಬಿಯ ಟ್ಯಾಕ್ಸಿಯವರು, ಕೂಲಿ ಸಂಘದವರು ಎಲ್ಲ ಇದರೊಳಗೆ ಬಂದರು. ಪಕ್ಷ ಅರ್ಜಿ ಬರೆಯುತ್ತಲೇ ಇತ್ತು, ಜಮೀನು ಸಿಗುತ್ತಿರಲಿಲ್ಲ. ತಾಳ್ಮೆ ಕೆಟ್ಟ ಕಿಕುಯು ಯುವಕರು ಗುಟ್ಟಾಗಿ ಪ್ರಮಾಣ ಮಾಡಿ ಕಾಡಿಗೆ ಇಳಿದರು. ಅದೇ ಮಾವ್ ಮಾವ್ ದಂಗೆ. 1952ರ ಅಕ್ಟೋಬರ್ 20ರಂದು ತುರ್ತು ಪರಿಸ್ಥಿತಿ ಬಂತು, ಕೆನ್ಯಾಟ್ಟಾ ಸೇರಿ ಮುಖಂಡರೆಲ್ಲ ಒಳಗೆ. ದಂಗೆಯ ಸೂತ್ರಧಾರ ಎಂದು ಕೆನ್ಯಾಟ್ಟಾ ಅವರಿಗೆ ಏಳು ವರ್ಷ ಕಠಿಣ ಶಿಕ್ಷೆಯಾಯಿತು. ಆ ಆರೋಪ ಸುಳ್ಳೆಂದು ಇವತ್ತು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. 1953ರ ಜೂನ್ 8ರಂದು ಪಕ್ಷವೂ ನಿಷೇಧವಾಯಿತು.

1955ರ ಆ ಒಂದು ನಿಯಮ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಎರಡು ವರ್ಷ ಆಫ್ರಿಕನ್ನರಿಗೆ ಪಕ್ಷವೇ ಇರಲಿಲ್ಲ. 1955ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು, ಒಂದು ಷರತ್ತಿನ ಮೇಲೆ. ಪಕ್ಷ ಒಂದು ಜಿಲ್ಲೆಗೆ ಮಾತ್ರ. ದೇಶಕ್ಕೆಲ್ಲ ಒಂದು ಪಕ್ಷ ಕೂಡದು. ದಂಗೆ ನಡೆದಿದ್ದ ಕಿಕುಯುಗಳ ಮಧ್ಯ ಪ್ರಾಂತ್ಯದಲ್ಲಂತೂ ಅದೂ ಇಲ್ಲ, ಸರ್ಕಾರಕ್ಕೆ ನಿಷ್ಠರಾದವರ ಸಲಹಾ ಮಂಡಳಿ ಮಾತ್ರ.

ಅರ್ಗ್ವಿಂಗ್ಸ್ ಕೊಧೆಕ್ ಎಂಬ ವಕೀಲರು ಕೀನ್ಯಾ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎಂದು ಪಕ್ಷ ನೋಂದಾಯಿಸಲು ಹೋದರು. ಆಗುವುದಿಲ್ಲ ಎಂದರು. ಕೊನೆಗೆ ನೋಂದಣಿಯಾದ ಹೆಸರು ನೈರೋಬಿ ಡಿಸ್ಟ್ರಿಕ್ಟ್ ಆಫ್ರಿಕನ್ ಕಾಂಗ್ರೆಸ್. ಇಡೀ ದೇಶ ಹೋಗಿ ಒಂದು ಜಿಲ್ಲೆ ಬಂತು.

1957ರ ಮಾರ್ಚ್‌ನಲ್ಲಿ ಆಫ್ರಿಕನ್ನರು ಮೊದಲ ಸಲ ತಮ್ಮವರನ್ನು ಶಾಸನ ಸಭೆಗೆ ಚುನಾಯಿಸಿದರು. ಎಂಟು ಸೀಟು. ಎಲ್ಲರಿಗೂ ಮತ ಇರಲಿಲ್ಲ, ಓದು, ಆದಾಯ, ಆಸ್ತಿ, ಸೇವೆ ನೋಡಿ ಕೊಡುತ್ತಿದ್ದರು, ಕೆಲವರಿಗೆ ಮೂರು ಮತದವರೆಗೂ ಇತ್ತು. ಕಿಕುಯುಗಳು ಮತ ಹಾಕಬೇಕೆಂದರೆ ಸರ್ಕಾರಕ್ಕೆ ನಿಷ್ಠರು ಎಂಬ ಸರ್ಟಿಫಿಕೇಟ್ ತರಬೇಕು. ಗೆದ್ದವರಲ್ಲಿ ನೈರೋಬಿಯಿಂದ ಟಾಮ್ ಎಂಬೋಯಾ, ಲುವೊ ನಾಡಿನಿಂದ ಓಗಿಂಗಾ ಒಡಿಂಗಾ, ಕರಾವಳಿಯಿಂದ ರೊನಾಲ್ಡ್ ಎನ್‌ಗಾಲಾ, ರಿಫ್ಟ್ ಕಣಿವೆಯಿಂದ ಡೇನಿಯಲ್ ಅರಪ್ ಮೋಯಿ ಇದ್ದರು. ಈ ಒಡಿಂಗಾ ಕೇರಳದಲ್ಲಿ ತೀರಿಕೊಂಡ ರೈಲಾ ಅವರ ತಂದೆ.

ಒಬ್ಬೊಬ್ಬರೂ ತಮ್ಮ ತಮ್ಮ ಸೀಮೆಯ ರಾಜರು. ಜಿಲ್ಲೆ ದಾಟಿ ಸದಸ್ಯತ್ವ ಮಾಡುವಂತಿಲ್ಲ, ಬೇರೆ ಸಮುದಾಯದವರ ಮತ ಬೇಕಾಗಿಯೇ ಇಲ್ಲ. ಸ್ವಾತಂತ್ರ್ಯ ಹತ್ತಿರ ಬರುವ ವೇಳೆಗೆ ದೇಶದಲ್ಲಿ ಮುಖಂಡರಿದ್ದರು, ಜಿಲ್ಲಾ ಪಕ್ಷಗಳಿದ್ದವು. ಇಡೀ ದೇಶವನ್ನು ಒಟ್ಟಿಗೆ ಕೂರಿಸಿ ಅಭ್ಯಾಸವಿದ್ದ ಪಕ್ಷ ಒಂದೂ ಇರಲಿಲ್ಲ.

ಕಾನು ಮತ್ತು ಕಾಡು

1960ರ ಆರಂಭದಲ್ಲಿ ಲಂಡನ್ನಿನ ಮಾತುಕತೆಯಲ್ಲಿ ಆಫ್ರಿಕನ್ ಬಹುಮತದ ಆಡಳಿತ ಬರುವುದು ಖಚಿತವಾಯಿತು. ನಿಷೇಧ ಸಡಿಲಾಯಿತು. ಕೆಲವೇ ತಿಂಗಳಲ್ಲಿ ಎರಡು ಪಕ್ಷ ಎದ್ದವು. ಮೇ ತಿಂಗಳಲ್ಲಿ ಕೀನ್ಯಾ ಆಫ್ರಿಕನ್ ನ್ಯಾಷನಲ್ ಯೂನಿಯನ್, ಚಿಕ್ಕದಾಗಿ ಕಾನು. ಜೂನ್‌ನಲ್ಲಿ ಕೀನ್ಯಾ ಆಫ್ರಿಕನ್ ಡೆಮೊಕ್ರಾಟಿಕ್ ಯೂನಿಯನ್, ಅಂದರೆ ಕಾಡು. ಕನ್ನಡದಲ್ಲಿ ಓದಿದರೆ ಎರಡೂ ಮರಗಿಡದ ಹೆಸರೇ, ಮಲೆನಾಡಿನವರಿಗೆ ಹೇಳಬೇಕಾಗಿಲ್ಲ!

ಕಾನು ಕಟ್ಟಿದವರು ಬಂಧನದಲ್ಲಿದ್ದ ಕೆನ್ಯಾಟ್ಟಾರನ್ನೇ ಅಧ್ಯಕ್ಷ ಮಾಡಲು ಹೊರಟರು, ಹಾಗಾದರೆ ನೋಂದಣಿ ಇಲ್ಲ ಎಂದಿತು ಸರ್ಕಾರ. ಹಾಗಾಗಿ ಜೇಮ್ಸ್ ಗಿಚುರು ಅಧ್ಯಕ್ಷರ ಜಾಗದಲ್ಲಿ ಕೂತರು, ಓಗಿಂಗಾ ಒಡಿಂಗಾ ಉಪಾಧ್ಯಕ್ಷ, ಎಂಬೋಯಾ ಪ್ರಧಾನ ಕಾರ್ಯದರ್ಶಿ. ಗಿಚುರು ಕಿಕುಯು, ಇನ್ನಿಬ್ಬರು ಲುವೊ. ಊರಲ್ಲಿಲ್ಲದ ಎನ್‌ಗಾಲಾ ಅವರನ್ನು ಖಜಾಂಚಿ, ಮೋಯಿ ಅವರನ್ನು ಉಪ ಖಜಾಂಚಿ ಎಂದು ಬರೆದುಕೊಂಡರು. ಇಬ್ಬರೂ ಒಪ್ಪಲಿಲ್ಲ. ಎರಡು ದೊಡ್ಡ ಸಮುದಾಯಗಳು ಸೇರಿದ ಪಕ್ಷದಲ್ಲಿ ನಮ್ಮ ಪಾಲಿಗೆ ಉಳಿಯುವುದು ಲೆಕ್ಕದ ಪುಸ್ತಕ ಅಷ್ಟೇ ಎಂದು ಅವರಿಗೆ ಅನಿಸಿದ್ದರೆ ತಪ್ಪೇನಿಲ್ಲ. ಕಲೆಂಜಿನ್, ಮಸಾಯಿ, ಕರಾವಳಿ ಸಮುದಾಯಗಳ ಚಿಕ್ಕ ಪಕ್ಷಗಳು ಕೂಡಿ ಕಾಡು ಆಯಿತು.

ಅವರ ನಿಜವಾದ ಭಯ ಜಮೀನಿನದು. ಬಿಳಿಯರು ಬಿಟ್ಟುಹೋಗುವ ಎತ್ತರದ ಜಮೀನು ಮೊದಲು ಯಾರದಾಗಿತ್ತು? ಬಹಳಷ್ಟು ಮಸಾಯಿ, ಕಲೆಂಜಿನ್‌ಗಳದು. ಈಗ ಅಲ್ಲಿ ಕೂಲಿ ಮಾಡುತ್ತ ನೆಲೆಸಿದವರಲ್ಲಿ ಜಾಸ್ತಿ ಯಾರು? ಕಿಕುಯುಗಳು. ಹಾಗಾಗಿ ಕಾಡು ಬೇಡಿಕೆ 'ಮಜಿಂಬೊ', ಸ್ವಾಹಿಲಿಯಲ್ಲಿ ಪ್ರಾಂತ್ಯಗಳು ಎಂದರ್ಥ. ಒಂದೊಂದು ಪ್ರಾಂತ್ಯಕ್ಕೂ ತನ್ನದೇ ಸಭೆ, ಜಮೀನಿನ ಮೇಲೆ ತನ್ನದೇ ಹಿಡಿತ. ಕಾನು ಬೇಡಿದ್ದು ಬಲವಾದ ಒಂದೇ ಕೇಂದ್ರ.

1961ರ ಚುನಾವಣೆಯಲ್ಲಿ ಕಾನು ಪಕ್ಷಕ್ಕೆ ಮೂರನೇ ಎರಡರಷ್ಟು ಮತ ಬಂತು. ಸೀಟು 19, ಕಾಡು 11. ಕೆನ್ಯಾಟ್ಟಾರನ್ನು ಬಿಡುವ ತನಕ ಸರ್ಕಾರ ಮಾಡುವುದಿಲ್ಲ ಎಂದು ಗೆದ್ದ ಕಾನು ಕೂತುಬಿಟ್ಟಿತು. ಸೋತ ಕಾಡು ಬಿಳಿಯರ ಒಂದು ಪಕ್ಷದ ನೆರವಿನಿಂದ ಸರ್ಕಾರ ಮಾಡಿತು. ಆಗಸ್ಟ್‌ನಲ್ಲಿ ಕೆನ್ಯಾಟ್ಟಾ ಹೊರಬಂದರು, ವರ್ಷ ಮುಗಿಯುವುದರೊಳಗೆ ಕಾನು ಅಧ್ಯಕ್ಷರಾದರು. 1963ರ ಮೇ ಚುನಾವಣೆಯಲ್ಲಿ ಕಾನು ಗೆದ್ದಿತು, ಡಿಸೆಂಬರ್ 12ಕ್ಕೆ ಸ್ವಾತಂತ್ರ್ಯ. ಮಜಿಂಬೊ ಸಂವಿಧಾನದಲ್ಲಿತ್ತು, ಅದಕ್ಕೆ ಹಣವನ್ನೂ ಅಧಿಕಾರವನ್ನೂ ಕೇಂದ್ರ ಬಿಟ್ಟುಕೊಡಲಿಲ್ಲ. ಕಾಡು ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಹೋದರು, 1964ರ ನವೆಂಬರ್‌ನಲ್ಲಿ ಪಕ್ಷವೇ ಕಾನು ಜೊತೆ ವಿಲೀನವಾಯಿತು.

ಮುಂದಿನದು ತಿರುವುಮುರುವು. ಕಾನು ಕಟ್ಟಿದ ಓಗಿಂಗಾ ಒಡಿಂಗಾ ಕೆನ್ಯಾಟ್ಟಾ ಜೊತೆ ಮುನಿಸಿಕೊಂಡು 1966ರಲ್ಲಿ ಹೊರನಡೆದು ತಮ್ಮದೇ ಪಕ್ಷ ಮಾಡಿದರು, ಮೂರು ವರ್ಷಕ್ಕೆ ಅದು ನಿಷೇಧವಾಗಿ ಅವರು ಬಂಧನದಲ್ಲಿದ್ದರು. ಕಾನು ಕೊಟ್ಟ ಉಪ ಖಜಾಂಚಿ ಹುದ್ದೆ ಬೇಡ ಎಂದಿದ್ದ ಮೋಯಿ 1978ರಲ್ಲಿ ಅದೇ ಕಾನು ಪಕ್ಷದಿಂದ ದೇಶದ ಅಧ್ಯಕ್ಷರಾಗಿ 24 ವರ್ಷ ಆಳಿದರು. 1982ರಲ್ಲಿ ದೇಶಕ್ಕೆ ಒಂದೇ ಪಕ್ಷ ಎಂದು ಕಾನೂನು ತಂದು, 1991ರಲ್ಲಿ ಒತ್ತಡಕ್ಕೆ ಮಣಿದು ತಾವೇ ತೆಗೆದರು. ಅವರ ಕಾಲದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದ ರೈಲಾ ಒಡಿಂಗಾ 2002ರ ಮಾರ್ಚ್‌ನಲ್ಲಿ ತಮ್ಮ ಪಕ್ಷವನ್ನು ತಂದು ಕಾನು ಜೊತೆ ಸೇರಿಸಿದರು. ಮೋಯಿ ಪಕ್ಷದ ಅಧ್ಯಕ್ಷ, ರೈಲಾ ಪ್ರಧಾನ ಕಾರ್ಯದರ್ಶಿ, ಅಂದರೆ 1960ರಲ್ಲಿ ಎಂಬೋಯಾ ಕೂತಿದ್ದ ಕುರ್ಚಿ. ಅಕ್ಟೋಬರ್ ಬರುವಷ್ಟರಲ್ಲಿ ಅವರು ಅಲ್ಲಿಂದಲೂ ಎದ್ದು ಹೋಗಿದ್ದರು.